ಏರಿನಲ್ಲಿ ಬರುವ ವಾಸನೆ

ಶುಕ್ರವಾರ ಸಂಜೆ ಮಗ ಮನೆಗೆ ಬಂದಾಗ ಕಾರಿನ ಜತೆ ಒಂದು ವಾಸನೆಯೂ ಬಂತು. ಬಾಗಿಲು ತೆರೆದ ತಾಯಿ ಮೊದಲು ಅಡಿಗೆಮನೆಗೆ ಓಡಿ ಒಲೆ ನೋಡಿದರು. ಒಲೆ ಆರಿತ್ತು. ಮತ್ತೆ ಹೊರಗೆ ಬಂದರೆ ಅದೇ ಕಮರು ವಾಸನೆ.

"ಏನೋ ಸೀಯ್ತಾ ಇದೆಯಲ್ಲೋ?"

"ಕಾರಿಂದ ಇರಬೇಕಮ್ಮ" ಎಂದ ಮಗ, ಬಟ್ಟೆಯ ಚೀಲ ಹೆಗಲಿಗೇರಿಸಿಕೊಂಡು ಒಳಗೆ ನಡೆದುಬಿಟ್ಟ.

ಇದು 2013ರ ಅಕ್ಟೋಬರ್ ತಿಂಗಳಿನ ಮಾತು. ಊರು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ. ತಂದೆ ಸಕಲೇಶಪುರದ ಕಡೆಯವರು. ಅಲ್ಲಿ ಚಿಪ್ಪುಗಳನ್ನು ಪರೀಕ್ಷಿಸುವ ಎಂಜಿನಿಯರು. ಮಗ ಬೆಟ್ಟದಾಚೆಯ ಕಡಲತೀರದ ಊರಾದ ಸಾಂತಾಕ್ರೂಜ್‌ನಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿ. ಎರಡೂ ಊರುಗಳನ್ನು ಕೂಡಿಸುವುದು 17ನೆಯ ನಂಬರಿನ ಹೆದ್ದಾರಿ. ಸುಮಾರು 1,800 ಅಡಿ ಎತ್ತರದ ಕಣಿವೆಬಾಯಿಯವರೆಗೆ ಅದು ತಿರುವು ತಿರುವಾಗಿ ಏರುತ್ತದೆ, ಅಲ್ಲಿಂದ ಅಷ್ಟೇ ಕಡಿದಾಗಿ ಇಳಿಯುತ್ತದೆ.

ಕಾರು 1990ರ ಮಾದರಿಯ ಮಾಜ್ದಾ ಎಂಎಕ್ಸ್-5. ಇಬ್ಬರೇ ಕೂರಬಹುದಾದ, ಮೇಲ್ಛಾವಣಿ ಮಡಿಸಿಡಬಹುದಾದ, ಬೇಕೆಂದಾಗ ಮಾತ್ರ ಮೇಲೆದ್ದು ಕಣ್ಣು ಬಿಡುವ ದೀಪಗಳ ಪುಟ್ಟ ಸ್ಪೋರ್ಟ್ಸ್ ಕಾರು. 1989ರಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರನ್ನು ಜನ ಎಷ್ಟು ಮೆಚ್ಚಿಕೊಂಡರೆಂದರೆ, 2016ರಲ್ಲಿ ಅದರ ಹತ್ತು ಲಕ್ಷದನೆಯ ಗಾಡಿ ಕಾರ್ಖಾನೆಯಿಂದ ಹೊರಬಂತು. ಮಗ ಎರಡು ಬೇಸಿಗೆ ದುಡಿದು ಕೂಡಿಸಿದ್ದ ಹಣಕ್ಕೆ ತಂದೆ ಅಷ್ಟೇ ಹಣ ಸೇರಿಸಿ ಕೊಡಿಸಿದ್ದರು. ಷರತ್ತು ಒಂದೇ: "ಎಂಜಿನ್ ಬಿಚ್ಚೋ ಹಾಗಿದ್ದರೆ ನನಗೆ ಹೇಳಿ ಬಿಚ್ಚು."

ಶನಿವಾರ ಬೆಳಿಗ್ಗೆ ತಂದೆ ಬಾನೆಟ್ ಎತ್ತಿದರು. ಎಂಜಿನ್ನಿನ ಮೇಲಿನ ಅಲ್ಯುಮಿನಿಯಂ ಮುಚ್ಚಳ ಬೆಳ್ಳಿಯ ತಟ್ಟೆಯ ಹಾಗೆ ಥಳಥಳಿಸುತ್ತಿತ್ತು.

"ಭಾರಿ ಹೊಳೀತಿದೆಯಲ್ಲೋ!"

"ಪಾಲಿಶ್ ಹಾಕಿ ಒರೆಸಿದೆ ಅಪ್ಪ" ಎಂದ ಮಗ. ಅದು ಸುಳ್ಳಲ್ಲ.

ತಂದೆಯ ಮೊದಲ ಗುಮಾನಿ ಬ್ರೇಕಿನ ಮೇಲೆ. ಶಿರಾಡಿ ಘಾಟಿಯಲ್ಲಿ ಇಳಿದು ಗುಂಡ್ಯದಲ್ಲಿ ನಿಂತ ಬಸ್ಸಿನ ಚಕ್ರಗಳಿಂದ ಬರುವ ಸುಟ್ಟ ಲೈನರಿನ ವಾಸನೆ ಅವರಿಗೆ ಬಾಲ್ಯದಿಂದಲೂ ಗೊತ್ತು. ಮಗನೂ ಬೆಟ್ಟ ಇಳಿದೇ ಬರುತ್ತಾನಲ್ಲ! ಚಕ್ರ ಬಿಚ್ಚಿ ನೋಡಿದರು. ಎಲ್ಲ ಸರಿಯಾಗಿಯೇ ಇತ್ತು. ಆದರೂ ಇರಲಿ ಎಂದು ಹೊಸ ಬ್ರೇಕ್ ಪ್ಯಾಡ್ ಹಾಕಿದರು. ಎರಡನೆಯ ಗುಮಾನಿ ವೈರುಗಳ ಮೇಲೆ. ಈ ಕಾರಿನಲ್ಲಿ ಬ್ಯಾಟರಿ ಇರುವುದು ಹಿಂದಿನ ಡಿಕ್ಕಿಯಲ್ಲಿ. ಅದರ ದಪ್ಪ ಕೇಬಲ್ಲು ಕಾರಿನ ಉದ್ದಕ್ಕೂ ಹಾದು ಮುಂದಕ್ಕೆ ಬರುತ್ತದೆ. ಅದರ ತುದಿಗಳನ್ನು ಹೊಸದು ಮಾಡಿಸಿದರು. ಜತೆಗೆ ಹಳೆಯ ಬೆಲ್ಟನ್ನೂ ಬದಲಾಯಿಸಿದರು. ಒಂದು ವಾರ ವಾಸನೆ ಕಡಿಮೆಯಾದ ಹಾಗಿತ್ತು. ಮೂರನ್ನೂ ಒಟ್ಟಿಗೆ ಬದಲಾಯಿಸಿದ್ದರಿಂದ ಯಾವುದರಿಂದ ಕಡಿಮೆಯಾಯಿತೆಂದು ಹೇಳುವಂತಿರಲಿಲ್ಲ. ಮುಂದಿನ ಶುಕ್ರವಾರ ವಾಸನೆ ಮತ್ತೆ ಬಾಗಿಲಿಗೆ ಬಂದು ನಿಂತಿತು.

ಕಾರಿನ ಒಂದೊಂದು ವಾಸನೆಗೂ ಒಂದೊಂದು ಅರ್ಥವಿದೆ. ರೇಡಿಯೇಟರಿನ ನೀರಿಗೆ ಬೆರೆಸುವ ಗ್ಲೈಕಾಲ್ ಸೋರಿದರೆ ಸಿಹಿ ಪಾಕದಂಥ ವಾಸನೆ. ಹೆಚ್ಚು ಚಾರ್ಜ್ ಆಗಿ ಕೆಟ್ಟ ಬ್ಯಾಟರಿಯಿಂದ ಕೊಳೆತ ಮೊಟ್ಟೆಯ ವಾಸನೆ. ವೈರಿನ ಹೊದಿಕೆ ಕರಗಿದರೆ ಮೂಗಿಗೆ ಚುಚ್ಚುವ ಪ್ಲಾಸ್ಟಿಕ್ಕಿನ ವಾಸನೆ. ರಸ್ತೆಯ ಮೇಲೆ ಬಿದ್ದಿದ್ದ ಪ್ಲಾಸ್ಟಿಕ್ ಚೀಲವೊಂದು ಹಾರಿ ಬಂದು ಸೈಲೆನ್ಸರ್ ಪೈಪಿಗೆ ಅಂಟಿಕೊಂಡರೂ ಅಂಥದೇ ವಾಸನೆ ದಿನಗಟ್ಟಲೆ ಕಾಡಬಹುದು. ತಂದೆ ಇವನ್ನೆಲ್ಲ ಓದಿ ತಿಳಿದುಕೊಂಡರು. ಆದರೆ ಉತ್ತರದ ಅರ್ಧ ಭಾಗ ಹೇಳಿದ್ದು ತಾಯಿ.

"ರೀ, ಇದು ರಬ್ಬರೂ ಅಲ್ಲ, ವೈರೂ ಅಲ್ಲ. ಎಣ್ಣೆ. ಬಾಣಲೆಯೊಳಗಿನ ಎಣ್ಣೆ ಕಾಯೋ ವಾಸನೆ ಬೇರೆ, ಬಾಣಲೆಯಿಂದ ಆಚೆ ಚೆಲ್ಲಿ ಒಲೆ ಮೇಲೆ ಹೊತ್ತೋ ವಾಸನೆ ಬೇರೆ. ಇದು ಚೆಲ್ಲಿದ್ದು."

ಅವರ ಮಾತು ಸರಿಯಾಗಿತ್ತು. ಎಣ್ಣೆ ಎಂಜಿನ್ನಿನ ಒಳಗೇ ಉರಿದಿದ್ದರೆ ಸೈಲೆನ್ಸರಿನಿಂದ ನೀಲಿ ಹೊಗೆ ಬರಬೇಕಿತ್ತು. ಅದು ಬರುತ್ತಿರಲಿಲ್ಲ.

ಎಣ್ಣೆ ಎಂದ ಕೂಡಲೇ ತಂದೆಗೆ ಭಯ ಹೆಚ್ಚಾಯಿತು. ಭಯಕ್ಕೆ ಕಾರಣವೂ ಇತ್ತು. 2010ರಲ್ಲಿ ಇಟಲಿಯ ಫೆರಾರಿ ಕಂಪನಿಯ 458 ಇಟಾಲಿಯಾ ಎಂಬ ಹೊಚ್ಚಹೊಸ ಕಾರುಗಳು ಕೆಲವು ಬೆಂಕಿಗೆ ಸಿಕ್ಕಿ ಸುಟ್ಟುಹೋಗಿದ್ದವು. ಹುಡುಕುತ್ತ ಹೋದಾಗ ಸಿಕ್ಕಿಬಿದ್ದದ್ದು ಅಂಟು! ಹಿಂದಿನ ಚಕ್ರದ ಗೂಡಿನಲ್ಲಿ ಶಾಖ ತಡೆಯುವ ತಗಡನ್ನು ಕೂರಿಸಲು ಬಳಸಿದ್ದ ಅಂಟು ಬಿಸಿಗೆ ಹೊಗೆಯಾಡಿ ಹೊತ್ತಿಕೊಳ್ಳುತ್ತಿತ್ತು. ಕಂಪನಿ 1,248 ಕಾರುಗಳನ್ನು ವಾಪಸು ಕರೆಸಿ, ಅಂಟಿನ ಬದಲು ತಗಡನ್ನು ಬಿಗಿದು ಕೂರಿಸುವ ಏರ್ಪಾಡು ಮಾಡಿಕೊಟ್ಟಿತು. ಅಷ್ಟು ದೊಡ್ಡವರ ಕಾರೇ ಹೀಗಾದರೆ ಇಪ್ಪತ್ತಮೂರು ವರ್ಷ ಹಳೆಯ ಈ ಕಾರಿನ ಗತಿ ಏನು? ಒಳಗೆ ಕೂತಿರುವವನು ಒಬ್ಬನೇ ಮಗ.

ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದ್ದಾಯಿತು. ಆತ ಕಾರನ್ನು ಮೇಲೆತ್ತಿ ಅಡಿಯಿಂದ ನೋಡಿದ. ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಜಾಗದಲ್ಲಿ ಎಣ್ಣೆಯ ಪಸೆ ಇತ್ತು. "ಹಿಂದಿನ ಆಯಿಲ್ ಸೀಲ್ ಹೋಗಿದೆ. ಗೇರ್ ಬಾಕ್ಸ್ ಇಳಿಸಬೇಕು" ಎಂದ. ಖರ್ಚು ಸಾವಿರ ಡಾಲರಿಗೂ ಮೇಲೆ.

ಆ ರಾತ್ರಿ ತಂದೆ ಕೇಳಿದರು: "ಕಾರು ಬಂದ ಮೇಲೆ ಎಂಜಿನ್ ಏನಾದರೂ ಬಿಚ್ಚಿದ್ದೆಯಾ?"

"ಇಲ್ಲ ಅಪ್ಪ."

ಇದು ಮಾತ್ರ ಸುಳ್ಳು. ಆಗಸ್ಟಿನಲ್ಲಿ ತಂದೆ ಬೇರೆ ಊರಿಗೆ ಹೋಗಿದ್ದಾಗ ಮಗ ಮತ್ತವನ ಗೆಳೆಯ ಆ ಮುಚ್ಚಳವನ್ನು ಬಿಚ್ಚಿ ತೆಗೆದು, ಇಡೀ ಮಧ್ಯಾಹ್ನ ತಿಕ್ಕಿ ಹೊಳಪು ಬರಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಮತ್ತೆ ಬಿಗಿದಿದ್ದರು. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಹಾಗಾಗಿ ಹೇಳುವ ಅಗತ್ಯವಿಲ್ಲ ಎಂದು ಮಗ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಈಗ ಹೇಳಿದರೆ ಕಾರಿನ ಬೀಗದ ಕೈ ಕಿತ್ತುಕೊಂಡಾರೆಂಬ ಭಯ. ದಿನ ಕಳೆದ ಹಾಗೆಲ್ಲ ಹೇಳುವುದು ಇನ್ನೂ ಕಷ್ಟವಾಯಿತು.

ತಂದೆ ಒಂದು ತೀರ್ಮಾನಕ್ಕೆ ಬಂದರು. "ಬೇಡ ಬಿಡು, ಮಾರಿಬಿಡೋಣ."

ನವೆಂಬರಿನ ಒಂದು ಭಾನುವಾರ ಕಾರು ನೋಡಲು ಒಬ್ಬ ತಂದೆ, ಮಗಳು ಬಂದರು. ಹುಡುಗಿ ಕಾಲೇಜು ಸೇರಿದ ಮೊದಲ ವರ್ಷ. ಬೀದಿಯಲ್ಲಿ ನಾಲ್ಕು ಸುತ್ತು ಓಡಿಸಿ ನೋಡಿದಳು. ಸಮತಟ್ಟಾದ ಬೀದಿ, ಯಾವ ವಾಸನೆಯೂ ಬರಲಿಲ್ಲ. ಮನೆಯ ಯಜಮಾನರು ಮುಚ್ಚಿಡುವವರಲ್ಲ. ಎಣ್ಣೆ ಸೋರುವುದನ್ನೂ ಮೆಕ್ಯಾನಿಕ್ ಹೇಳಿದ್ದನ್ನೂ ತಿಳಿಸಿ, ಬೆಲೆಯಲ್ಲಿ ಅಷ್ಟು ಕಡಿಮೆ ಮಾಡುವುದಾಗಿ ಹೇಳಿದರು. ಬಂದಾತ ತಲೆಯಾಡಿಸಿ, ಓಡಿಸುವವನು ಹುಡುಗನೇ ಎಂದು ಅವನ ಕಡೆ ತಿರುಗಿ ಕೇಳಿದ: "ಎಂಜಿನ್ ಯಾರಾದರೂ ಬಿಚ್ಚಿದ್ದಾರಾ?"

ಮಗ ಆ ಹುಡುಗಿಯನ್ನು ನೋಡಿದ. ಅವಳು ಕಾರಿನೊಳಗೆ ಕೂತು ದೀಪಗಳನ್ನು ಎತ್ತಿ ಇಳಿಸಿ ನಗುತ್ತಿದ್ದಳು. ಇವರು ಸಾವಿರ ಡಾಲರ್ ಸುರಿದು ಗೇರ್ ಬಾಕ್ಸ್ ಇಳಿಸುತ್ತಾರೆ. ಆಮೇಲೂ ಎಣ್ಣೆ ಸೋರುತ್ತದೆ. ಯಾವುದೋ ಬೆಟ್ಟದ ಏರಿನಲ್ಲಿ ಆ ವಾಸನೆ ಇವಳ ಮೂಗಿಗೆ ಬಡಿಯುತ್ತದೆ.

"ನಾನು ಬಿಚ್ಚಿದ್ದೆ" ಎಂದ ಮಗ. "ಆಗಸ್ಟಿನಲ್ಲಿ. ಮೇಲಿನ ಮುಚ್ಚಳ. ಅಪ್ಪನಿಗೆ ಗೊತ್ತಿಲ್ಲ."

ಯಾರೂ ಮಾತಾಡಲಿಲ್ಲ. ಬಂದವರು ಕೈಕುಲುಕಿ, ರಿಪೇರಿಯಾದರೆ ಫೋನ್ ಮಾಡಿ ಎಂದು ಹೊರಟುಹೋದರು. ತಂದೆ ಗ್ಯಾರೇಜಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು. ಬೈಗುಳ ಬರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಮಗನಿಗೆ. ಕೊನೆಗೆ ಅವರು ಕೇಳಿದ್ದು ಇಷ್ಟೆ: "ಹೇಗೆ ಬಿಚ್ಚಿದೆ, ಹೇಗೆ ಮುಚ್ಚಿದೆ, ಮೊದಲಿನಿಂದ ಹೇಳು. ಒಂದನ್ನೂ ಬಿಡಬೇಡ."

ಮಗ ಹೇಳುತ್ತ ಹೋದ. ತಂದೆ ರಿಪೇರಿ ಕೈಪಿಡಿಯ ಪುಟ ತೆರೆದು ಒಂದೊಂದನ್ನೇ ತಾಳೆ ನೋಡಿದರು. ಆ ಮುಚ್ಚಳ ಕೂರುವ ಅಂಚು ಎಲ್ಲ ಕಡೆಯೂ ಚಪ್ಪಟೆಯಾಗಿಲ್ಲ. ಕ್ಯಾಮ್ ದಂಡಗಳ ಕೊನೆಯಲ್ಲಿ ಕಮಾನಿನಂತೆ ಏರಿ ಇಳಿಯುತ್ತದೆ. ಆ ಮೂಲೆಗಳಲ್ಲಿ ಗ್ಯಾಸ್ಕೆಟ್ ಒಂದೇ ಸಾಲದು, ಸಿಲಿಕೋನ್ ಸೀಲೆಂಟನ್ನೂ ಹಚ್ಚಬೇಕು ಎಂದು ಕೈಪಿಡಿಯಲ್ಲಿ ಚಿತ್ರಸಹಿತ ಇತ್ತು.

"ಇದನ್ನು ಹಚ್ಚಿದ್ದೆಯಾ?"

"ಇಲ್ಲ. ಆ ಪುಟ ನೋಡಲೇ ಇಲ್ಲ."

"ಸರಿ. ಆದರೆ ಇದೇ ಕಾರಣ ಅಂತ ಈಗಲೇ ಹೇಳಬೇಡ. ಒಂದು ತಿಂಗಳಿಂದ ನಾನೂ ಅದೇ ತಪ್ಪು ಮಾಡಿದೆ. ಆಫೀಸಿನಲ್ಲಿ ಹುಡುಗರಿಗೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಅಂತ ಹೇಳೋನು, ಮನೇಲಿ ಹೆದರಿ ಮೂರು ಬದಲಾಯಿಸಿದೆ. ಮೊದಲು ನೋಡೋಣ."

ಎಂಜಿನ್ನನ್ನು ಜಿಡ್ಡು ಬಿಡುವವರೆಗೆ ತೊಳೆದು ಒಣಗಿಸಿದರು. ತಾಯಿ ಪೌಡರಿನ ಡಬ್ಬಿ ತಂದುಕೊಟ್ಟರು. ತಂದೆ ಅದರ ಮೇಲಿನ ಬರಹ ಓದಿ ನೋಡಿದರು. ಕೆಲವು ಪೌಡರುಗಳು ಜೋಳದ ಹಿಟ್ಟಿನಿಂದ ಮಾಡಿದವು, ಬಿಸಿಗೆ ಸೀಯುತ್ತವೆ. ಟಾಲ್ಕ್ ಎನ್ನುವುದು ಕಲ್ಲಿನ ಪುಡಿ, ಹೊತ್ತುವುದಿಲ್ಲ. ಇದು ಟಾಲ್ಕ್. ಮುಚ್ಚಳದ ಅಂಚಿನ ಸುತ್ತ, ಎಂಜಿನ್ನಿನ ಬೆನ್ನಿಗೆ, ಬಿಸಿ ತಡೆಯುವ ತಗಡಿನ ಅಂಚಿಗೆ ತೆಳುವಾಗಿ ಉದುರಿಸಿದರು.

ಅಪ್ಪ, ಮಗ ಇಬ್ಬರೂ ಹೊರಟರು. ಬೆಂಕಿ ಆರಿಸುವ ಸಿಲಿಂಡರು ತಂದೆಯ ಕಾಲ ಬಳಿ. ಮೊದಲು ಸಮತಟ್ಟಿನಲ್ಲಿ ಹತ್ತು ಮೈಲಿ. ನಿಲ್ಲಿಸಿ ಬಾನೆಟ್ ಎತ್ತಿದರೆ ಪೌಡರು ಹಾಗೆಯೇ ಬೆಳ್ಳಗಿತ್ತು. ನಂತರ 17ನೆಯ ಹೆದ್ದಾರಿಯ ಏರು. ನೆತ್ತಿ ತಲುಪುವ ಹೊತ್ತಿಗೆ ಆ ವಾಸನೆ ಬಂತು. ರಸ್ತೆ ಬಿಟ್ಟು ಒಂದು ಅಗಲದ ಜಾಗದಲ್ಲಿ ನಿಲ್ಲಿಸಿ ನೋಡಿದರು. ಮುಚ್ಚಳದ ಹಿಂಬದಿಯ ಒಂದು ಮೂಲೆಯಿಂದ ಬೆರಳಗಲದ ಕಂದು ಗೆರೆಯೊಂದು ಪೌಡರಿನ ಮೇಲೆ ಇಳಿದು, ಕವಲೊಡೆದಿತ್ತು. ಒಂದು ಕವಲು ತಗಡಿನ ಹಿಂದೆ ಮಾಯವಾಗಿತ್ತು, ಇನ್ನೊಂದು ಎಂಜಿನ್ನಿನ ಬೆನ್ನಿನ ಗುಂಟ ಕೆಳಗಿಳಿದಿತ್ತು.

ಒಗಟಿನ ಎಲ್ಲ ಎಳೆಗಳೂ ಅಲ್ಲಿ ಬಿಡಿಸಿಕೊಂಡವು. ಈ ಕಾರಿನ ಎಂಜಿನ್ ಕೂತಿರುವುದು ಉದ್ದಕ್ಕೆ. ಏರು ಹತ್ತುವಾಗ ಕಾರಿನ ಮೂತಿ ಮೇಲಾಗಿ, ಮುಚ್ಚಳದ ಕೆಳಗಿನ ಎಣ್ಣೆ ಓರೆ ಮಾಡಿದ ತಟ್ಟೆಯ ಸಾರಿನಂತೆ ಹಿಂಬದಿಯ ಮೂಲೆಯಲ್ಲಿ ಶೇಖರವಾಗುತ್ತದೆ. ಏರಿನಲ್ಲಿ ಎಂಜಿನ್ ಹೆಚ್ಚು ದುಡಿಯುವುದರಿಂದ, ಸುಟ್ಟ ಅನಿಲ ಹೊರಹೋಗುವ ಕೊಳವೆಗಳೂ ಇನ್ನಷ್ಟು ಕಾಯುತ್ತವೆ. ಆ ಬಿಸಿಯ ಮೇಲೆ ಎಣ್ಣೆ ಬಿದ್ದರೆ ಹೊಗೆಯಾಡದೆ ಇನ್ನೇನು? ಕಾರು ಓಡುವಾಗ ಗಾಳಿ ಹೊಗೆಯನ್ನು ಹಿಂದಕ್ಕೆ ಒಯ್ಯುತ್ತದೆ. ನಿಂತಾಗ ಅದು ಮೇಲೆದ್ದು, ಮುಂದಿನ ಗಾಜಿನ ಬುಡದಲ್ಲಿ ಗಾಳಿ ಎಳೆದುಕೊಳ್ಳುವ ಕಿಂಡಿಯಿಂದ ಒಳಗೆ ಬರುತ್ತದೆ. ಮೆಕ್ಯಾನಿಕ್ ಕಂಡ ಕೆಳಗಿನ ಪಸೆಯೂ ಮೇಲಿನಿಂದ ಇಳಿದದ್ದೇ. ಎಣ್ಣೆ ಸಿಕ್ಕ ಜಾಗವೇ ಎಣ್ಣೆ ಹೊರಟ ಜಾಗವಲ್ಲ!

ಮರುದಿನ ಮಗನೇ ಮುಚ್ಚಳ ಬಿಚ್ಚಿದ. ತಂದೆ ಪಕ್ಕದಲ್ಲಿ ಕೈಪಿಡಿ ಹಿಡಿದು ನಿಂತಿದ್ದರು. ಅಂಚು ಸ್ವಚ್ಛಮಾಡಿ, ಮೂಲೆಗಳಿಗೆ ಸೀಲೆಂಟ್ ಹಚ್ಚಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಿಗಿಯಾಗಿ ಬೋಲ್ಟುಗಳನ್ನು ತಿರುಗಿಸಿದ. ಸೀಲೆಂಟ್ ಒಣಗುವವರೆಗೆ ಎಂಜಿನ್ ಮುಟ್ಟಲಿಲ್ಲ. ಕೆಲಸ ಮುಗಿದ ಮೇಲೆ ಬೀಗದ ಕೈಯನ್ನು ತಂದೆಯ ಮುಂದಿಟ್ಟ.

"ನನಗ್ಯಾಕೆ? ಇಟ್ಕೊ" ಎಂದರು ತಂದೆ. "ಆ ಜನಕ್ಕೆ ಫೋನ್ ಮಾಡಿ ಏನಾಗಿತ್ತು ಅಂತ ನೀನೇ ಹೇಳು." ಫೋನ್ ಮಾಡಿದಾಗ ಅವರು ಆಗಲೇ ಬೇರೆ ಕಾರು ನೋಡಿಕೊಂಡಿದ್ದರು. ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದಳು ಹುಡುಗಿ.

ಮುಂದಿನ ಶುಕ್ರವಾರ ಸಂಜೆ ಕಾರು ಬಂದು ನಿಂತಿತು. ತಾಯಿ ಆಗಲೇ ಬಾಗಿಲಲ್ಲಿ ಕಾಯುತ್ತಿದ್ದರು. ಮಗ ಇಳಿಯುತ್ತಿದ್ದ ಹಾಗೆ ಮೂವರ ಮೂಗಿಗೂ ಕಮರು ವಾಸನೆ ಬಡಿಯಿತು. ತಂದೆ ಸಿಲಿಂಡರು ಹಿಡಿದು ಕಾರಿನತ್ತ ಓಡಿದರು. ಮಗನ ಮುಖ ಬಿಳಿಚಿಕೊಂಡಿತು.

"ಅಯ್ಯೋ, ನನ್ನ ಹುರುಳೀಕಾಯಿ ಪಲ್ಯ!" ಎಂದು ತಾಯಿ ಒಳಗೆ ಓಡಿದರು.