ಹಳೇ ಪ್ರೋಗ್ರಾಮು, ಹೊಸ ಸಿಸ್ಟಂ

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಮಾಲು ಒಂದೇ ಕಡೆ ನಿಲ್ಲುವುದಿಲ್ಲ. ಒಂದು ಶೆಡ್ಡಿನಲ್ಲಿ ಟರ್ನಿಂಗ್ ಆದ ಶಾಫ್ಟು ಇನ್ನೊಂದು ಶೆಡ್ಡಿಗೆ ಹೀಟ್ ಟ್ರೀಟ್‌ಮೆಂಟಿಗೆ, ಮತ್ತೊಂದಕ್ಕೆ ಗ್ರೈಂಡಿಂಗಿಗೆ, ಅಲ್ಲಿಂದ ಪ್ಲೇಟಿಂಗಿಗೆ ಹೋಗಿ ಬರುತ್ತದೆ. ಹೋಗುವಾಗಲೂ ಬರುವಾಗಲೂ ಜೊತೆಗೊಂದು ಡೆಲಿವರಿ ಚಲನ್, ಬಾಯಿಮಾತಿನಲ್ಲಿ ‘ಡಿಸಿ’. ಸೆಂಟ್ರಲ್ ಎಕ್ಸೈಸ್ ಕಾಲದಲ್ಲಿ ಜಾಬ್ ವರ್ಕಿಗೆ ಹೋದ ಮಾಲು 180 ದಿನಗಳೊಳಗೆ ವಾಪಸಾಗಬೇಕಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಮೇಲೆ ಆ ಗಡುವು ಕಚ್ಚಾ ಮಾಲಿಗೆ 1 ವರ್ಷ, ಬಂಡವಾಳ ಸರಕಿಗೆ 3 ವರ್ಷ ಎಂದಾಯಿತು. ಯಾವ ಡಿಸಿಯ ಎಷ್ಟು ಪೀಸು ಯಾರ ಹತ್ತಿರ ಬಾಕಿ ಇದೆ ಎಂಬ ಲೆಕ್ಕ ತಪ್ಪಿದರೆ ತೆರಿಗೆಯೂ ತಪ್ಪುತ್ತದೆ, ನೆರೆಹೊರೆಯ ನಂಬಿಕೆಯೂ ತಪ್ಪುತ್ತದೆ.

ಈ ಲೆಕ್ಕವನ್ನು ಎಷ್ಟೋ ಕಡೆ ಇವತ್ತಿಗೂ ಇಪ್ಪತ್ತು ವರ್ಷ ದಾಟಿದ ಪ್ರೋಗ್ರಾಮು ಇಡುತ್ತಿದೆ. 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6ರಲ್ಲಿ ಬರೆದದ್ದು. ದತ್ತಾಂಶವೆಲ್ಲ ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನ ಒಂದು ‘ಎಂಡಿಬಿ’ ಫೈಲಿನಲ್ಲಿ. ಬರೆದವರು ಈಗ ಎಲ್ಲಿದ್ದಾರೋ. ಮೂಲ ಕೋಡ್ ಇದ್ದ ಫ್ಲಾಪಿ ಎಂದೋ ಹಾಳಾಗಿರುತ್ತದೆ. ಆದರೆ ಪರದೆ ತೆರೆದರೆ ಮಾಲೀಕರು ಬಯಸಿದ್ದ ಹಾಗೆಯೇ ಇದೆ: ಗಿರಾಕಿಯ ಹೆಸರಿನ ಎರಡಕ್ಷರ ಒತ್ತಿದರೆ ಬಾಕಿ ಪಟ್ಟಿ ಬರುತ್ತದೆ, ಎಫ್4 ಒತ್ತಿದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಡಿಸಿ ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಯಾವ ಹೊಸ ಪ್ಯಾಕೇಜೂ ಈ ಶೆಡ್ಡಿನ ಪದ್ಧತಿಯನ್ನು ಇಷ್ಟು ಚೆನ್ನಾಗಿ ಬಲ್ಲದು ಎನ್ನಲಾಗದು.

ಹಳೇ ಕಂಪ್ಯೂಟರ್ ಸತ್ತು ಹೊಸದು ಬಂದ ದಿನ ಫೋನು ಬರುತ್ತದೆ. “ಸಾರ್, ನಿನ್ನೆ ತನಕ ಚೆನ್ನಾಗೇ ಓಡ್ತಿತ್ತು. ಹೊಸ ಸಿಸ್ಟಂಗೆ ಫೋಲ್ಡರ್ ಕಾಪಿ ಮಾಡಿದ್ವಿ, ಓಪನ್ನೇ ಆಗ್ತಿಲ್ಲ.” ಈ ಕರೆಗೆ ಓಡಿ ಹೋಗುವವರದ್ದು ಒಂದು ಸಣ್ಣ ಕುಲ. ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಜೋಡಿಸುವ ಹಾರ್ಡ್‌ವೇರಿನವರು ಸಾಕಷ್ಟಿದ್ದಾರೆ, ಹೊಸ ಕೋಡ್ ಬರೆಯುವವರಂತೂ ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿಗಳ ತುಂಬ ಇದ್ದಾರೆ. ಹಳೇ ಪ್ರೋಗ್ರಾಮಿನ ಕೆಳಗಿನ ಡೇಟಾಬೇಸ್ ಭಾಗಗಳನ್ನು ಹುಡುಕಿ, ಗುರುತಿಸಿ, ಹೊಸ ವಿಂಡೋಸ್ ಮೇಲೆ ಕೂರಿಸುವವರು ಕಡಿಮೆ. ಅವರಿಗೆ ಈ ಕೆಲಸದಲ್ಲಿ ಹಣಕ್ಕಿಂತ ಮಿಗಿಲಾದ ಆನಂದವಿದೆ. ಅದು ಅವರು ಎರರ್ ಸಂದೇಶ ಓದುವ ರೀತಿಯಲ್ಲೇ ತಿಳಿಯುತ್ತದೆ. ಬೇರೆಯವರು ‘ಓಕೆ’ ಒತ್ತಿ ಮುಚ್ಚುವ ಡಬ್ಬಿಯನ್ನು ಅವರು ಮುಚ್ಚುವುದೇ ಇಲ್ಲ. ಮೊದಲು ಫೋಟೋ, ಆಮೇಲೆ ಓದು.

ಪ್ರೋಗ್ರಾಮಿನ ಒಂದು ಬೈಟ್ ಕೂಡ ಬದಲಾಗಿಲ್ಲ. ಅದು ನಿಂತಿದ್ದ ನೆಲ ಬದಲಾಗಿದೆ ಎಂಬುದು ಅವರ ಮೊದಲ ಪಾಠ. ಆ ನೆಲದ ಕತೆ 1992ರದ್ದು. ಆ ವರ್ಷ ನವೆಂಬರಿನಲ್ಲಿ ಆ್ಯಕ್ಸೆಸ್‌ನ ಮೊದಲ ಆವೃತ್ತಿ ಬಂತು. ಅದರೊಳಗಿನ ಎಂಜಿನ್ ಹೆಸರು ‘ಜೆಟ್’. ಮರುವರ್ಷ ವಿಷುಯಲ್ ಬೇಸಿಕ್ 3ರ ಜೊತೆಗೂ ಜೆಟ್ ಸಿಕ್ಕಿದ್ದರಿಂದ ದೊಡ್ಡ ಸರ್ವರ್ ಇಲ್ಲದೆ ಯಾರು ಬೇಕಾದರೂ ದತ್ತಾಂಶದ ಪ್ರೋಗ್ರಾಮು ಬರೆಯುವಂತಾಯಿತು. ಆ್ಯಕ್ಸೆಸ್ 97ರದ್ದು ಜೆಟ್ 3.5, ಆ್ಯಕ್ಸೆಸ್ 2000ದ್ದು ಜೆಟ್ 4. ಜೆಟ್ 3.5 ಬಳಸುವ ಪ್ರೋಗ್ರಾಮಿಗೆ ಜೆಟ್ 4ರ ಫೈಲು ಕೊಟ್ಟರೆ ‘ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್’, ದೋಷ ಸಂಖ್ಯೆ 3343. ಫೈಲು ಕೆಟ್ಟಿದೆ ಎಂದು ಗಾಬರಿ ಬೀಳುವ ಅಗತ್ಯವೇ ಇಲ್ಲ, ಎಷ್ಟೋ ಸಲ ಯಾರೋ ಉಪಕಾರ ಮಾಡಲು ಹೋಗಿ ಹೊಸ ಆ್ಯಕ್ಸೆಸ್‌ನಲ್ಲಿ ತೆರೆದು ‘ಕನ್ವರ್ಟ್’ ಒತ್ತಿರುತ್ತಾರೆ. ಇದರ ಉಲ್ಟಾ ಇನ್ನೂ ಕಷ್ಟದ್ದು. ಆ್ಯಕ್ಸೆಸ್ 2013 ಮತ್ತು ಅದರ ಮುಂದಿನವು 97ರ ಫೈಲನ್ನು ತೆರೆಯುವುದೇ ಇಲ್ಲ. 2010 ಅಥವಾ ಅದಕ್ಕೂ ಹಿಂದಿನ ಆವೃತ್ತಿಯ ಮೆಟ್ಟಿಲು ಹತ್ತಿಯೇ ಮುಂದೆ ಬರಬೇಕು. ಅದಕ್ಕೇ ಬಲ್ಲವರು ಹಳೇ ಆಫೀಸ್ ಸೀಡಿಗಳನ್ನು ಎಸೆಯುವುದಿಲ್ಲ.

ಜೆಟ್ ಜೊತೆಗೆ ಹಂಚಿಕೆಯಾಗುತ್ತಿದ್ದದ್ದು ‘ಎಂಡ್ಯಾಕ್’ ಎಂಬ ಕಟ್ಟು. 2000ದಲ್ಲಿ ಬಂದ ಅದರ 2.6ನೇ ಆವೃತ್ತಿಯಿಂದ ಮೈಕ್ರೋಸಾಫ್ಟ್ ಜೆಟ್ ಅನ್ನು ಹೊರಗಿಟ್ಟಿತು. “ಹೊಸ ಎಂಡ್ಯಾಕ್ ಹಾಕಿದ್ರೂ ಆಗ್ತಿಲ್ಲ” ಎಂದು ತಲೆ ಕೆಡಿಸಿಕೊಂಡವರಿಗೆ ಉತ್ತರ ಇಷ್ಟೇ ಆಗಿತ್ತು: ಜೆಟ್ ಅನ್ನು ಬೇರೆಯಾಗಿ ಹಾಕಬೇಕು.

ಇಂದಿನ ದೊಡ್ಡ ತೊಡಕು 32 ಮತ್ತು 64 ಬಿಟ್‌ಗಳದ್ದು. ಪೀಣ್ಯದವರಿಗೆ ಇದನ್ನು ವಿವರಿಸುವುದು ಸುಲಭ: ಇಂಚಿನ ಬೋಲ್ಟಿಗೆ ಮೆಟ್ರಿಕ್ ನಟ್ಟು ಕೂರುವುದಿಲ್ಲ. ಜೆಟ್ 4 ಯಾವತ್ತೂ 32 ಬಿಟ್‌ನದೇ. 64 ಬಿಟ್‌ನ ಜೆಟ್ ಬರಲೇ ಇಲ್ಲ. ವಿಂಡೋಸ್ 11ರಲ್ಲೂ ಆ 32 ಬಿಟ್ ಜೆಟ್ ಇದ್ದೇ ಇದೆ, ಆದರೆ 64 ಬಿಟ್ ಪ್ರೋಗ್ರಾಮಿನ ಕಣ್ಣಿಗೆ ಅದು ಬೀಳುವುದಿಲ್ಲ. ಇದರ ಮೇಲೆ ಹೆಸರುಗಳ ಗೊಂದಲ ಬೇರೆ. 64 ಬಿಟ್ ವಿಂಡೋಸಿನಲ್ಲಿ ‘ಸಿಸ್ಟಂ32’ ಫೋಲ್ಡರಿನಲ್ಲಿರುವುದು 64 ಬಿಟ್ ಫೈಲುಗಳು. 32 ಬಿಟ್‌ನವು ‘ಸಿಸ್‌ವಾವ್64’ನಲ್ಲಿ. ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವಿನ ಕೊಂಡಿಯಾದ ಒಡಿಬಿಸಿಯನ್ನು ಜೋಡಿಸುವ ಉಪಕರಣ ಎರಡೂ ಕಡೆ ಒಂದೇ ಹೆಸರಿನಲ್ಲಿದೆ. ಒಂದರಲ್ಲಿ ಡಿಎಸ್‌ಎನ್ ಎಂಬ ಸಂಪರ್ಕದ ಹೆಸರು ಮಾಡಿಟ್ಟು, ಪ್ರೋಗ್ರಾಮು ಇನ್ನೊಂದರಲ್ಲಿ ಹುಡುಕಿ, ‘ಡೇಟಾ ಸೋರ್ಸ್ ನೇಮ್ ನಾಟ್ ಫೌಂಡ್’ ಎಂದಾಗ ಇಡೀ ಮಧ್ಯಾಹ್ನ ಕಳೆದವರು ಬಹಳ ಮಂದಿ.

ಇಲ್ಲಿ ಈ ಕಸುಬಿನ ಒಂದು ಚೆಂದದ ಕೈಚಳಕವಿದೆ. ಡೆಸ್ಕ್‌ಟಾಪಿನಲ್ಲಿ ಖಾಲಿ ಟೆಕ್ಸ್ಟ್ ಫೈಲು ಮಾಡಿ, ಅದರ ಬಾಲವನ್ನು ‘ಯುಡಿಎಲ್’ ಎಂದು ಬದಲಿಸಿ, ಎರಡು ಸಲ ಕ್ಲಿಕ್ ಮಾಡಿದರೆ ಈ ಕಂಪ್ಯೂಟರಿನಲ್ಲಿ ಯಾವ ಯಾವ ಡೇಟಾಬೇಸ್ ಪ್ರೊವೈಡರ್‌ಗಳಿವೆ ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ‘ಟೆಸ್ಟ್ ಕನೆಕ್ಷನ್’ ಗುಂಡಿಯೂ ಇರುತ್ತದೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ಹೀಗೆ ತೆರೆದದ್ದು 64 ಬಿಟ್ ಪಟ್ಟಿ. ಅದರಲ್ಲಿ ಜೆಟ್ ಕಾಣದೆ “ಇಲ್ವೇ ಇಲ್ಲ” ಎಂದು ತೀರ್ಮಾನಿಸುವವರು ಹೊಸಬರು. ಬಲ್ಲವರು ಅದೇ ಫೈಲನ್ನು 32 ಬಿಟ್ ದಾರಿಯಿಂದ ತೆರೆಯುತ್ತಾರೆ.

ಇನ್ನೂ ಆಳಕ್ಕೆ ಇಳಿಯಬೇಕಾದರೆ ಪ್ರೊಸೆಸ್ ಮಾನಿಟರ್ ಇದೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಅವರ ಸಿಸ್‌ಇಂಟರ್ನಲ್ಸ್ ಬಳಗದ ಉಪಕರಣ ಅದು. ಪ್ರೋಗ್ರಾಮು ಯಾವ ಫೈಲು ಕೇಳಿತು, ರಿಜಿಸ್ಟ್ರಿಯಲ್ಲಿ ಏನು ಹುಡುಕಿತು ಎಂಬುದನ್ನೆಲ್ಲ ಸಾಲು ಸಾಲಾಗಿ ತೋರಿಸುತ್ತದೆ. ‘ನೇಮ್ ನಾಟ್ ಫೌಂಡ್’ ಎಂಬ ಸಾಲುಗಳು ನೂರಾರು ಬರುತ್ತವೆ, ಹೆಚ್ಚಿನವು ನಿರುಪದ್ರವಿ. ಎರರ್ ಡಬ್ಬಿ ಮೇಲೇಳುವ ಮುನ್ನ ಬಂದ ಕೊನೆಯ ಕೆಲವು ಸಾಲುಗಳಲ್ಲಿ ಕಳೆದುಹೋದ ಡಿಎಲ್‌ಎಲ್‌ನ ಹೆಸರು ಅಡಗಿರುತ್ತದೆ. ಅದು ಕಣ್ಣಿಗೆ ಬಿದ್ದಾಗಿನ ಸಂತೋಷಕ್ಕಾಗಿಯೇ ಕೆಲವರು ಈ ಕೆಲಸ ಬಿಟ್ಟಿಲ್ಲ. ತುಮಕೂರು ರಸ್ತೆಯ ಬದಿಯ ವೇಬ್ರಿಡ್ಜುಗಳಂಥ ಕಡೆ ಇನ್ನೊಂದು ಭಾಗವೂ ಬೇಕಾಗುತ್ತದೆ: ತೂಕದ ಅಂಕಿಯನ್ನು ಸೀರಿಯಲ್ ಪೋರ್ಟಿನಿಂದ ಓದುವ ‘ಎಂಎಸ್‌ಕಾಮ್32’ ಎಂಬ ಓಸಿಎಕ್ಸ್. ಅದನ್ನು ಸರಿಯಾದ ಫೋಲ್ಡರಿನಲ್ಲಿಟ್ಟು, ಅಡ್ಮಿನಿಸ್ಟ್ರೇಟರ್ ಆಗಿ ರಿಜಿಸ್ಟರ್ ಮಾಡದಿದ್ದರೆ ಲಾರಿ ಮೇಲೆ ನಿಂತಿದ್ದರೂ ಪರದೆಯಲ್ಲಿ ತೂಕವಿಲ್ಲ.

ಪ್ರೋಗ್ರಾಮು ತೆರೆದುಕೊಂಡಿತು ಎಂದರೆ ಕೆಲಸ ಮುಗಿಯಿತು ಎಂದಲ್ಲ. ಎಲ್ಲಕ್ಕಿಂತ ಅಪಾಯದ ದೋಷ ಯಾವ ಸಂದೇಶವನ್ನೂ ಕೊಡುವುದಿಲ್ಲ. ಹೊಸ ವಿಂಡೋಸ್ ಹಾಕುವಾಗ ‘ರೀಜನ್’ ಅಮೆರಿಕಕ್ಕೇ ಬಿಟ್ಟಿದ್ದರೆ ಗುಮಾಸ್ತೆ 04/07 ಎಂದು ಜುಲೈ 4ನ್ನು ಬರೆದದ್ದು ಏಪ್ರಿಲ್ 7 ಆಗಿ ದಾಖಲಾಗುತ್ತದೆ. 13/07 ಎಂದು ಬರೆದರೆ? ಹದಿಮೂರನೇ ತಿಂಗಳು ಇಲ್ಲದ ಕಾರಣ ವಿಷುಯಲ್ ಬೇಸಿಕ್ ತಾನೇ ತಿರುಗಿಸಿ ಓದಿಕೊಂಡು ಸರಿಯಾಗಿ ಜುಲೈ 13 ಎಂದು ಹಾಕುತ್ತದೆ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ತಪ್ಪುವ ಸಂಭವ, ಆಮೇಲೆ ಎಲ್ಲ ಸರಿ. ಇಪ್ಪತ್ತನೇ ತಾರೀಕು ಬಂದು ಪರೀಕ್ಷಿಸಿದವರಿಗೆ ತಪ್ಪು ಸಿಗುವುದೇ ಇಲ್ಲ! ಜುಲೈ 4ರ ಡಿಸಿ ಏಪ್ರಿಲ್ 7ಕ್ಕೆ ಹೋದರೆ ಮಾಲು ವಾಪಸಾಗುವ ಗಡುವು 88 ದಿನ ಮೊದಲೇ ಮುಗಿದಂತೆ ತೋರುತ್ತದೆ; ಏಪ್ರಿಲ್ 7ರದ್ದು ಜುಲೈ 4 ಆದರೆ ಅಷ್ಟೇ ದಿನ ತಡವಾಗಿ. ಜೆಟ್‌ನ ಎಸ್‌ಕ್ಯೂಎಲ್ ಭಾಷೆಗೂ ಇದೇ ಗುಣ: ಎರಡು ಹ್ಯಾಶ್ ಗುರುತುಗಳ ನಡುವಿನ ತಾರೀಕನ್ನು ಅದು ತಿಂಗಳು ಮೊದಲು ಎಂದೇ ಓದುತ್ತದೆ. ಆದ್ದರಿಂದ ಈ ಕಸುಬಿನವರು ಪರೀಕ್ಷೆಗೆಂದು ತಿಂಗಳ ಐದನೇ ತಾರೀಕಿನ ಒಂದು ಸುಳ್ಳು ಡಿಸಿ ಮಾಡಿ, ವರದಿ ತೆಗೆದು ನೋಡಿಯೇ ಎದ್ದೇಳುತ್ತಾರೆ.

ವಿಂಡೋಸ್ ವಿಸ್ಟಾ ತಂದ ‘ವರ್ಚುವಲ್ ಸ್ಟೋರ್’ ಕೂಡ ಇಂಥದ್ದೇ. ‘ಪ್ರೋಗ್ರಾಂ ಫೈಲ್ಸ್’ ಒಳಗೆ ಸಾಮಾನ್ಯ ಬಳಕೆದಾರರು ಬರೆಯುವಂತಿಲ್ಲ. ಹಳೇ ಪ್ರೋಗ್ರಾಮು ಎಂಡಿಬಿಯನ್ನು ಅಲ್ಲೇ ಇಟ್ಟುಕೊಂಡಿದ್ದರೆ ವಿಂಡೋಸ್ ಸದ್ದಿಲ್ಲದೆ ಪ್ರತಿ ಬಳಕೆದಾರರಿಗೂ ಒಂದೊಂದು ಪ್ರತಿ ಮಾಡಿಕೊಡುತ್ತದೆ. ಬೆಳಗಿನ ಪಾಳಿಯವರ ಲೆಕ್ಕ ಒಂದು, ಸಂಜೆ ಪಾಳಿಯವರದ್ದು ಇನ್ನೊಂದು, ಇಬ್ಬರದ್ದೂ ಪ್ರಾಮಾಣಿಕ. ಎಂಡಿಬಿಯನ್ನು ಬೇರೆ ಫೋಲ್ಡರಿಗೆ ಸಾಗಿಸಿ, ಎರಡು ಪ್ರತಿಗಳ ದಾಖಲೆಗಳನ್ನು ಕೂಡಿಸುವುದು ತಾಳ್ಮೆ ಬೇಡುವ ಕೆಲಸ.

ಡೆಲ್ಫಿಯಲ್ಲಿ ಬರೆದ ಪ್ರೋಗ್ರಾಮುಗಳ ಲೋಕ ಬೇರೆ. ಅಲ್ಲಿ ಬೊರ್ಲ್ಯಾಂಡ್ ಡೇಟಾಬೇಸ್ ಎಂಜಿನ್, ‘ಬಿಡಿಇ’. ಅದರ ಒಂದು ದೋಷವನ್ನು ಬಲ್ಲವರು ಕಣ್ಣರಳಿಸಿ ವರ್ಣಿಸುತ್ತಾರೆ. ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿ ಇದ್ದರೂ ಒಂದು ದಿನ ಇದ್ದಕ್ಕಿದ್ದಂತೆ ‘ಡಿಸ್ಕಿನಲ್ಲಿ ಜಾಗವಿಲ್ಲ’ ಎನ್ನುತ್ತದೆ. ಮರುದಿನ ತಾನಾಗಿಯೇ ಸರಿಹೋಗುತ್ತದೆ. ಕಾರಣ ಲೆಕ್ಕದಲ್ಲಿದೆ. ಖಾಲಿ ಜಾಗವನ್ನು ಆ ಎಂಜಿನ್ 32 ಬಿಟ್ ಸಂಖ್ಯೆಯಲ್ಲಿ ಎಣಿಸುತ್ತದೆ, ಪ್ರತಿ 4 ಜಿಬಿಗೆ ಎಣಿಕೆ ಸೊನ್ನೆಗೆ ಮರಳುತ್ತದೆ. ಖಾಲಿ ಜಾಗ ನಾಲ್ಕರ ಅಪವರ್ತ್ಯವನ್ನು ಸ್ವಲ್ಪವೇ ದಾಟಿದ್ದರೆ ಅದಕ್ಕೆ ಕಾಣುವುದು ಆ ‘ಸ್ವಲ್ಪ’ ಮಾತ್ರ. ಪರಿಹಾರ? ಒಂದು ದೊಡ್ಡ ಫೈಲನ್ನು ಡಿಸ್ಕಿಗೆ ಕಾಪಿ ಮಾಡುವುದು. ಜಾಗ ಇಲ್ಲ ಎಂದ ಡಿಸ್ಕಿನಲ್ಲಿ ಇನ್ನಷ್ಟು ತುಂಬಿದ ಕೂಡಲೇ ಪ್ರೋಗ್ರಾಮು ಓಡತೊಡಗುವುದನ್ನು ನೋಡಿದ ಮಾಲೀಕರ ಮುಖ ನೋಡುವಂತಿರುತ್ತದೆ.

ಕೆಲವೊಮ್ಮೆ ಕಾರ್ಖಾನೆಯಲ್ಲಿ ಯಾರೂ ಏನೂ ಮುಟ್ಟಿರುವುದಿಲ್ಲ, ಆದರೂ ಎಲ್ಲ ನಿಲ್ಲುತ್ತದೆ. 2017ರ ಅಕ್ಟೋಬರಿನ ವಿಂಡೋಸ್ ಭದ್ರತಾ ಅಪ್‌ಡೇಟ್ ಬಂದಾಗ ಜೆಟ್ ಮೂಲಕ ಹಳೇ ಎಕ್ಸೆಲ್ ಫೈಲು ಓದುತ್ತಿದ್ದ ಪ್ರೋಗ್ರಾಮುಗಳು ಜಗತ್ತಿನಾದ್ಯಂತ ನಿಂತವು. 2019ರ ನವೆಂಬರಿನ ಆಫೀಸ್ ಅಪ್‌ಡೇಟಿನಲ್ಲಿ ಆ್ಯಕ್ಸೆಸ್ ‘ಕ್ವೆರಿ ಈಸ್ ಕರಪ್ಟ್’ ಎನ್ನತೊಡಗಿತು, ದೋಷ 3340. ಎರಡನೆಯದಕ್ಕೆ ಸಿಕ್ಕ ತಾತ್ಕಾಲಿಕ ಪರಿಹಾರ ಈ ಕಸುಬಿನ ಅತ್ಯಂತ ಸುಂದರ ಉಪಾಯಗಳಲ್ಲೊಂದು. ಟೇಬಲಿಗೆ ಬೇರೆ ಹೆಸರಿಡುವುದು, ಅದರ ಎಲ್ಲ ಸಾಲುಗಳನ್ನೂ ತೋರಿಸುವ ಒಂದು ಕ್ವೆರಿ ಮಾಡಿ ಅದಕ್ಕೆ ಟೇಬಲಿನ ಹಳೇ ಹೆಸರು ಕೊಡುವುದು. ಪ್ರೋಗ್ರಾಮು ತನ್ನ ಟೇಬಲೇ ಎಂದು ಕ್ವೆರಿಗೆ ಬರೆಯುತ್ತದೆ, ದೋಷ ಬರುವುದಿಲ್ಲ. ಮೂಲ ಕೋಡ್ ಕಳೆದುಕೊಂಡವರಿಗೆ ಅದು ವರವಾಯಿತು.

ಕನ್ನಡದಲ್ಲಿ ಹೆಸರು ತುಂಬಿದ ಫೈಲುಗಳನ್ನು ಮುಟ್ಟುವಾಗ ಇನ್ನೂ ಎಚ್ಚರ ಬೇಕು. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಅದಕ್ಕೂ ಮುಂಚಿನ ‘ಬರಹ’ಗಳ ಹಳೇ ಅಕ್ಷರಶೈಲಿಗಳಲ್ಲಿ ಟೈಪಾದ ಕಾರ್ಮಿಕರ ಹೆಸರುಗಳು ಫೈಲಿನೊಳಗೆ ನಿಜಕ್ಕೂ ಲ್ಯಾಟಿನ್ ಸಂಕೇತಗಳಾಗಿ ಕೂತಿವೆ. ಹೊಸ ಸಿಸ್ಟಂನಲ್ಲಿ ಆ ಫಾಂಟ್ ಇಲ್ಲದಿದ್ದರೆ ವೇತನ ಪಟ್ಟಿಯ ತುಂಬ ಅರ್ಥವಿಲ್ಲದ ಗುರುತುಗಳು. ಅದನ್ನು ‘ಕರಪ್ಟ್’ ಎಂದು ಅಳಿಸಿಬಿಟ್ಟರೆ ಒಂದು ತಲೆಮಾರಿನ ಹೆಸರುಗಳೇ ಹೋದಂತೆ. ಫಾಂಟ್ ಹಾಕಿದರೆ ಎಲ್ಲ ಮರಳಿ ಬರುತ್ತದೆ, ಆಮೇಲೆ ಬಿಡುವಾಗಿ ಯುನಿಕೋಡಿಗೆ ಪರಿವರ್ತಿಸಬಹುದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಹೊಸ ಯಂತ್ರಗಳ ಖರೀದಿ, ಅದರೊಡನೆ ಈ ಕೆಲಸ, ಎರಡೂ ಉಳಿದೇ ಇವೆ. ತೀರಾ ಹಟ ಮಾಡುವ ಪ್ರೋಗ್ರಾಮಿಗೆ ನೆಟ್‌ವರ್ಕ್ ಕಿತ್ತ ವರ್ಚುವಲ್ ಯಂತ್ರದೊಳಗೆ ವಿಂಡೋಸ್ ಎಕ್ಸ್‌ಪಿ ಹಾಕಿಕೊಡುತ್ತಾರೆ. ಜೆಟ್ 4ರ ಎಂಡಿಬಿ ತನ್ನ 2 ಜಿಬಿ ಮಿತಿಯ ಹತ್ತಿರ ಬಂದಿದ್ದರೆ ಮೊದಲು ಪ್ರತಿ ತೆಗೆದಿಟ್ಟು ‘ಕಂಪ್ಯಾಕ್ಟ್’ ಮಾಡುತ್ತಾರೆ, ಅಳಿಸಿದ ದಾಖಲೆಗಳ ಜಾಗವನ್ನು ಜೆಟ್ ತಾನಾಗಿ ಬಿಟ್ಟುಕೊಡುವುದಿಲ್ಲ. ಅದೂ ಸಾಲದಿದ್ದರೆ ಟೇಬಲುಗಳನ್ನು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ ಸಾಗಿಸಿ ಎಂಡಿಬಿಯಲ್ಲಿ ಕೊಂಡಿ ಮಾತ್ರ ಉಳಿಸುತ್ತಾರೆ. ಅಲ್ಲೂ ಹೊಸ ತೊಡಕು ಕಾದಿರುತ್ತದೆ: ವಿಂಡೋಸ್ 11ರಲ್ಲಿ ಕೆಲವು ಎಸ್‌ಎಸ್‌ಡಿಗಳು ತಮ್ಮ ಸೆಕ್ಟರ್ ಗಾತ್ರ 4 ಕೆಬಿಗಿಂತ ದೊಡ್ಡದು ಎಂದು ಹೇಳುವುದರಿಂದ ಸರ್ವರ್ ಸರ್ವಿಸ್ ಏಳುವುದೇ ಇಲ್ಲ. ರಿಜಿಸ್ಟ್ರಿಗೆ ಒಂದು ಸಾಲು ಸೇರಿಸಿ ರೀಸ್ಟಾರ್ಟ್ ಮಾಡಿದರೆ ಏಳುತ್ತದೆ. ಆಗ ಅವರು ಕಳೆದ ವರ್ಷದ ಯಾವುದಾದರೊಂದು ತಿಂಗಳ ಬಾಕಿ ವರದಿ ತೆಗೆದು, ಫೈಲಿನಲ್ಲಿರುವ ಹಳೇ ಪ್ರಿಂಟಿನ ಪಕ್ಕ ಇಟ್ಟು, ಪೀಸುಗಳ ಮೊತ್ತವನ್ನು ಸಾಲು ಸಾಲಾಗಿ ತಾಳೆ ನೋಡುತ್ತಾರೆ.