ಮನೆಯ ಹೊಸ ಆಳುಗಳು

ಆಳುಕಾಳುಗಳನ್ನಿಟ್ಟುಕೊಂಡು ಸಂಸಾರ ನಡೆಸಿದವರಿಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತು. ಕೆಲಸವನ್ನೇ ಮಾಡದ ಆಳಿಗಿಂತ, ಒಂದು ದಿನ ಮಾಡಿ ಒಂದು ದಿನ ಮಾಡದಿರುವ ಆಳಿನಿಂದಲೇ ತೊಂದರೆ ಹೆಚ್ಚು. ಮೊದಲನೆಯವನನ್ನು ನಂಬದೆ ನಾವೇ ಕೊಡವನ್ನೆತ್ತಿಕೊಳ್ಳುತ್ತೇವೆ. ಎರಡನೆಯವನನ್ನು ನಂಬಿ ಕಾದು ಕುಳಿತಿರುತ್ತೇವೆ. ಈಚೆಗೆ ನಮ್ಮ ಮನೆಗಳಿಗೆ ಹೊಸ ಬಗೆಯ ಆಳುಗಳು ಬಂದು ಸೇರಿವೆ: ಫೋನಿನಿಂದ ಹೊತ್ತಿಸುವ ದೀಪ, ಹೆಸರು ಹಿಡಿದು ಕರೆದರೆ ತಿರುಗುವ ಫ್ಯಾನು, ತೊಟ್ಟಿ ತುಂಬಿದೊಡನೆ ತಾನಾಗಿಯೇ ನಿಲ್ಲುವ ನೀರಿನ ಮೋಟಾರು. ಇವನ್ನು ಸಾಕುವ ಕ್ರಮವನ್ನು ಕುರಿತು ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ನಮಗೆ ತೋರಿದೆ. ಸಂಸ್ಕೃತಪಾಠ ಹೇಳಿ ನಿವೃತ್ತರಾದ ಉಪಾಧ್ಯಾಯರಿಗೆ ಈ ವಿಷಯದಲ್ಲಿ ಅಧಿಕಾರವೇನೆಂದು ಯಾರಾದರೂ ಕೇಳಬಹುದು. ನಾವು ಯಂತ್ರಶಾಸ್ತ್ರವನ್ನು ಓದಿದವರಲ್ಲ, ನಿಜ. ಆದರೆ ತರ್ಕಸಂಗ್ರಹವನ್ನು ಓದಿಸಿದವರು. ಕೆಟ್ಟ ಯಂತ್ರದ ಮುಂದೆ ಕುಳಿತಾಗ ಮೊದಲು ಬೇಕಾಗುವುದು ತರ್ಕವೇ ಎಂಬುದು ನಮ್ಮ ಅನುಭವ.

ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅಂದಿನಿಂದ ಬಹುಕಾಲದವರೆಗೆ ದೀಪಕ್ಕೂ ಮನುಷ್ಯನಿಗೂ ನಡುವೆ ಇದ್ದದ್ದು ಗೋಡೆಯ ಮೇಲಿನ ಒಂದು ಗುಂಡಿ ಮಾತ್ರ. ಆ ಗುಂಡಿಯನ್ನು ಮುಟ್ಟದೆಯೇ ದೀಪವನ್ನಾಳುವ ಉಪಾಯವೊಂದನ್ನು 1975ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ರಾತಿಸ್ ಊರಿನ ಪಿಕೊ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿಯವರು ಕಂಡುಹಿಡಿದರು. ಎಕ್ಸ್-ಟೆನ್ ಎಂಬುದು ಅದರ ಹೆಸರು. ಮನೆಯ ವಿದ್ಯುತ್ತಂತಿಯಲ್ಲಿಯೇ ಸಂಕೇತಗಳನ್ನು ಕಳುಹಿಸುವುದು ಅದರ ಕ್ರಮ. ಮನೆಗೊಂದು ಅಕ್ಷರ, ಉಪಕರಣಕ್ಕೊಂದು ಅಂಕಿ. ಅಕ್ಷರಗಳು 16, ಅಂಕಿಗಳು 16, ಒಟ್ಟು 256 ವಿಳಾಸಗಳು. ನೆರೆಮನೆಯವರೂ ಅದೇ ಅಕ್ಷರವನ್ನು ಆರಿಸಿಕೊಂಡಿದ್ದರೆ, ಅವರು ಗುಂಡಿಯೊತ್ತಿದಾಗ ನಮ್ಮ ಮನೆಯ ದೀಪ ಹೊತ್ತಿಕೊಳ್ಳುವ ಸಂಭವವೂ ಇದ್ದಿತು. ಈಗ ಆಜ್ಞೆಯು ತಂತಿಯನ್ನು ಬಿಟ್ಟು ವೈಫೈ ಅಲೆಗಳಲ್ಲಿ ಸಂಚರಿಸುತ್ತದೆ. ಆದರೂ ನೆರೆಮನೆಯ ಕಾಟ ತಪ್ಪಿಲ್ಲವೆಂಬುದನ್ನು ಮುಂದೆ ಹೇಳುತ್ತೇವೆ.

ನಮ್ಮ ಮನೆಗೆ ಈ ಸಾಮಗ್ರಿಗಳನ್ನು ತಂದು ಜೋಡಿಸಿದವನು ನಮ್ಮ ಮಗ. ಅವನ ಉದ್ಯೋಗ ಪರಸ್ಥಳದಲ್ಲಿ. ನಮ್ಮ ತಾಯಿಯವರಿಗೆ ಈಗ ಎಂಬತ್ತಾರು ವರ್ಷ. ರಾತ್ರಿ ಅವರು ಬಚ್ಚಲುಮನೆಗೆ ಏಳುವಾಗ ಗೋಡೆ ತಡವಿ ಸ್ವಿಚ್ಚು ಹುಡುಕುವ ಕಷ್ಟ ಬೇಡವೆಂದು, ನಡೆಯುವವರ ಸುಳಿವನ್ನು ಅರಿತು ಹೊತ್ತಿಕೊಳ್ಳುವ ದೀಪವೊಂದನ್ನು ಅವನು ಓಣಿಯಲ್ಲಿ ಹಾಕಿಸಿದ್ದನು. ಎಂಟು ತಿಂಗಳು ಅದು ಸೊಗಸಾಗಿ ನಡೆಯಿತು. ಆಮೇಲೊಂದು ಸಂಜೆ ಮಳೆ ಹೊಯ್ದು ಕರೆಂಟು ಹೋಯಿತು. ಗಂಟೆಯ ಮೇಲೆ ಬಂದಿತು. ಆ ರಾತ್ರಿ ಮೂರು ಗಂಟೆಯ ಹೊತ್ತಿಗೆ ತಾಯಿಯವರು ಕೂಗಿದ ಸದ್ದಿಗೆ ನಾವೆದ್ದು ಹೋದೆವು. ಓಣಿಯ ನಡುವೆ, ಕತ್ತಲಲ್ಲಿ, ಎರಡು ಕೈಗಳನ್ನೂ ಗೋಡೆಗೆ ಆನಿಸಿಕೊಂಡು ಅವರು ನಿಂತಿದ್ದರು. ದೈವಕೃಪೆಯಿಂದ ಬಿದ್ದಿರಲಿಲ್ಲ. ಕೈಹಿಡಿದು ಕರೆತಂದು ಹಾಸಿಗೆಯ ಮೇಲೆ ಕುಳ್ಳಿರಿಸಿದ ಮೇಲೆ, "ಈ ದೀಪ ಹತ್ತುವುದಕ್ಕೆ ಯಾರ ಅಪ್ಪಣೆ ಬೇಕು, ಮಗೂ?" ಎಂದು ಕೇಳಿದರು. ಅದು ಮುದುಕರ ಮಾತೆಂದು ತಳ್ಳಿಹಾಕತಕ್ಕದ್ದಲ್ಲ. ಈ ವಿಷಯದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆಯೇ ಅದು.

ಮರುದಿನ ಮಗ ಫೋನಿನಲ್ಲಿ, "ಅಣ್ಣಾ, ರೌಟರನ್ನು ಒಮ್ಮೆ ಆರಿಸಿ ಹೊತ್ತಿಸಿಬಿಡಿ, ಸರಿಹೋಗುತ್ತದೆ" ಎಂದನು. ಈ ಕಾಲದ ವೈದ್ಯವೆಲ್ಲ ಇದೊಂದೇ ಗುಳಿಗೆ. ಅದರಿಂದ ಗುಣವಾಗುವುದೂ ಉಂಟು. ಆದರೆ ಗುಣವಾದರೂ ರೋಗವೇನೆಂದು ತಿಳಿಯುವುದಿಲ್ಲ. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧ ಕಲ್ಪಿಸುವ ಕಾಕತಾಳೀಯ ಇದೇ. ಆದುದರಿಂದ ನಾವು ಬೇರೆ ದಾರಿ ಹಿಡಿದೆವು.

ಸೂಚೀಕಟಾಹ ನ್ಯಾಯವೆಂದೊಂದುಂಟು. ಕಮ್ಮಾರನ ಬಳಿ ಒಬ್ಬನು ಸೂಜಿಯನ್ನೂ ಇನ್ನೊಬ್ಬನು ಕೊಪ್ಪರಿಗೆಯನ್ನೂ ಬೇಡಿದರೆ, ಸುಲಭವಾದ ಸೂಜಿಯನ್ನು ಮೊದಲು ಮಾಡಿಕೊಡುವುದು ಯುಕ್ತ. ಆ ಪ್ರಕಾರ ನಾವು ಮೊದಲು ಓಣಿಯ ಹೋಲ್ಡರಿಗೆ ಸಾಧಾರಣ ಬಲ್ಬೊಂದನ್ನು ಹಾಕಿದೆವು; ಹೊತ್ತಿತು. ಕರೆಂಟಿನ ದೋಷವಲ್ಲವೆಂದಾಯಿತು. ಹಜಾರದಲ್ಲಿದ್ದ ಅದೇ ಜಾತಿಯ ದೀಪ ಫೋನಿಗೆ ಓಗೊಡುತ್ತಿತ್ತು. ರೌಟರಿಗೂ ಅಂತರ್ಜಾಲಕ್ಕೂ ಸಂಬಂಧ ಕಡಿದಿಲ್ಲವೆಂದಾಯಿತು. ಬಳಿಕ ಎರಡು ದೀಪಗಳನ್ನೂ ಅದಲುಬದಲು ಮಾಡಿದೆವು. ಓಣಿಯದು ಹಜಾರಕ್ಕೆ ಬಂದಕೂಡಲೆ ಹೊತ್ತಿತು. ಹಜಾರದ್ದು ಓಣಿಗೆ ಹೋದಕೂಡಲೆ ಮೂಕವಾಯಿತು. ದೋಷವು ದೀಪದಲ್ಲಿಲ್ಲ, ಸ್ಥಳದಲ್ಲಿದೆ ಎಂಬುದು ಸಿದ್ಧವಾಯಿತು. ತಾರ್ಕಿಕರು ಅನ್ವಯ ವ್ಯತಿರೇಕ ಎನ್ನುವುದು ಇದನ್ನೇ: ಇದಿದ್ದರೆ ಅದುಂಟು, ಇದಿಲ್ಲದಿದ್ದರೆ ಅದಿಲ್ಲ. ಇದರಲ್ಲಿ ಒಂದೇ ನಿಯಮವನ್ನು ಬಿಡದೆ ಪಾಲಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸತಕ್ಕದ್ದು. ಮೂರನ್ನು ಒಟ್ಟಿಗೆ ಬದಲಾಯಿಸಿದರೆ, ದೀಪ ಹೊತ್ತಿದರೂ ಜ್ಞಾನ ಹೊತ್ತುವುದಿಲ್ಲ.

ಆದರೆ ಎಂಟು ತಿಂಗಳು ಸರಿಯಾಗಿದ್ದ ಸ್ಥಳಕ್ಕೆ ಒಂದು ರಾತ್ರಿಯಲ್ಲಿ ದೋಷ ಬಂದುದು ಹೇಗೆ? ಈ ದೀಪಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಎಂಬ ಅಲೆಗಳನ್ನು ಮಾತ್ರ ಬಲ್ಲವು. 5 ಗಿಗಾಹರ್ಟ್ಸಿನದು ಅವಕ್ಕೆ ಕೇಳಿಸದು. ಆ 2.4ರ ಹಾದಿಯಲ್ಲಿ ಹಲವು ಓಣಿಗಳಿದ್ದರೂ, ಒಂದಕ್ಕೊಂದು ತಗುಲದೆ ಜೊತೆಯಾಗಿ ನಡೆಯಬಲ್ಲವೆಂದು ರೂಢಿಯಲ್ಲಿ ಎಣಿಸುವುದು 1, 6, 11 ಎಂಬ ಮೂರನ್ನು. ರೌಟರು ಕರೆಂಟು ಹೋಗಿ ಬಂದಾಗಲೆಲ್ಲ ತನಗೆ ತೋರಿದ ಓಣಿಯೊಂದನ್ನು ತಾನೇ ಆರಿಸಿಕೊಳ್ಳುವಂತೆ ಸಾಮಾನ್ಯವಾಗಿ ಏರ್ಪಟ್ಟಿರುತ್ತದೆ. ಫೋನಿನಲ್ಲಿ ನೋಡಿದಾಗ, ನಮ್ಮ ರೌಟರು ಮಳೆಯ ಸಂಜೆ ಆರಿಸಿಕೊಂಡಿದ್ದುದೂ ಪಕ್ಕದ ಮನೆಯ ರೌಟರು ನಡೆಯುತ್ತಿದ್ದುದೂ ಒಂದೇ ಓಣಿಯಲ್ಲೆಂದು ಕಂಡಿತು. ಹಜಾರದಲ್ಲಿ ನಮ್ಮ ದನಿ ಜೋರಾಗಿದ್ದುದರಿಂದ ದೀಪಕ್ಕೆ ಕೇಳುತ್ತಿತ್ತು. ಎರಡು ಇಟ್ಟಿಗೆಗೋಡೆಗಳ ಆಚೆ, ನೆರೆಮನೆಗೆ ಹತ್ತಿರವಾದ ಕಡೆ, ಅವರ ದನಿಯಲ್ಲಿ ನಮ್ಮದು ಮುಳುಗಿಹೋಗುತ್ತಿತ್ತು. ಓಣಿಯನ್ನು ಬದಲಾಯಿಸಿದೆವು, ದೀಪ ಹೊತ್ತಿತು. ಮರಳಿ ಮೊದಲಿನದಕ್ಕೆ ತಂದೆವು, ಕೆಟ್ಟಿತು. ಮೂರು ಸಲ ಹೀಗೆ ಮಾಡಿ, ನಿಶ್ಚಯವಾದ ಮೇಲೆ, ಒಂದೇ ಓಣಿಯಲ್ಲಿ ನಿಲ್ಲುವಂತೆ ರೌಟರಿಗೆ ಕಟ್ಟುಮಾಡಿದೆವು.

ರೋಗ ಗುಣವಾಯಿತು, ತಾಯಿಯವರ ಪ್ರಶ್ನೆಗೆ ಮಾತ್ರ ಉತ್ತರ ದೊರೆತಿರಲಿಲ್ಲ. ಓಣಿಯ ದೀಪ ಹತ್ತುವ ಬಗೆಯನ್ನು ವಿಚಾರಿಸಿದಾಗ ತಿಳಿದುದೇನೆಂದರೆ, ಸುಳಿವನ್ನರಿಯುವ ಯಂತ್ರವು ದೀಪಕ್ಕೆ ನೇರವಾಗಿ ಹೇಳುವುದಿಲ್ಲ. ಅದು ರೌಟರಿಗೆ, ರೌಟರು ಎಲ್ಲಿಯೋ ಇರುವ ಕಂಪನಿಯ ಗಣಕಕ್ಕೆ ಹೇಳಿ, ಅಲ್ಲಿಂದ ಅಪ್ಪಣೆ ಮರಳಿ ಬಂದ ಮೇಲೆ ಮೂರು ಮಾರು ದೂರದ ದೀಪ ಹೊತ್ತುವುದು. ಈ ಹಾದಿಯಲ್ಲಿ ಎಲ್ಲಿ ತಡೆಯುಂಟಾದರೂ ಕತ್ತಲೆಯೇ. ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2021ರ ಡಿಸೆಂಬರ್ 7ರಂದು ಅಮೆರಿಕದಲ್ಲಿ ಅಮೆಜಾನ್ ಕಂಪನಿಯ ಗಣಕಕೇಂದ್ರಗಳಲ್ಲಿ ತೊಡಕುಂಟಾದಾಗ, ಅನೇಕರ ಮನೆಗಳಲ್ಲಿ ಕಸ ಗುಡಿಸುವ ರೂಂಬಾ ಯಂತ್ರಗಳು ಫೋನಿನ ಆಜ್ಞೆಯನ್ನು ಕೇಳಲಿಲ್ಲ. 2025ರ ಅಕ್ಟೋಬರ್ 20ರಂದು ಅಂತಹುದೇ ತೊಡಕಿನಿಂದ, ಬಿಸಿತಂಪುಗಳನ್ನು ತಾವೇ ಹೊಂದಿಸುವ ಹಾಸಿಗೆಗಳು ಸಹ ಕೆಲವರನ್ನು ನಿದ್ದೆಗೆಡಿಸಿದುವು. 2016ರ ಮೇ ತಿಂಗಳಲ್ಲಿ ರಿವಾಲ್ವ್ ಎಂಬ ಯಂತ್ರದ ಒಡೆತನ ಹೊಂದಿದ್ದ ನೆಸ್ಟ್ ಕಂಪನಿಯವರು ಅದರ ಗಣಕಸೇವೆಯನ್ನೇ ನಿಲ್ಲಿಸಿಬಿಟ್ಟರು. ಹಣ ಕೊಟ್ಟು ಕೊಂಡವರ ಮನೆಗಳಲ್ಲಿ ಅದು ಬರಿಯ ಪೆಟ್ಟಿಗೆಯಾಗಿ ಉಳಿಯಿತು. 2022ರಲ್ಲಿ ಹೊರಬಂದ ಮ್ಯಾಟರ್ ಎಂಬ ಒಡಂಬಡಿಕೆಯು ಬೇರೆಬೇರೆ ಕಂಪನಿಗಳ ಉಪಕರಣಗಳು ಮನೆಯೊಳಗೇ ಪರಸ್ಪರ ಮಾತನಾಡಿಕೊಳ್ಳಲು ದಾರಿಮಾಡಿದೆಯೆಂಬುದು ಸಮಾಧಾನದ ಸಂಗತಿ.

ಇದೆಲ್ಲವನ್ನೂ ಆಲೋಚಿಸಿ ನಾವು ಮನೆಯ ಕೆಲಸಗಳನ್ನು ಮೂರಾಗಿ ವಿಂಗಡಿಸಿದೆವು. ಮೊದಲನೆಯದು, ಆದರೆ ಅನುಕೂಲ, ಆಗದಿದ್ದರೆ ನಷ್ಟವಿಲ್ಲ ಎಂಬಂಥದು: ಹಜಾರದ ದೀಪ, ಜಗಲಿಯ ಫ್ಯಾನು. ಇವು ಎಲ್ಲಿಂದ ಬೇಕಾದರೂ ಅಪ್ಪಣೆ ಪಡೆಯಲಿ. ಎರಡನೆಯದು, ಆಗದೆ ತೀರದೆಂಬಂಥದು: ತಾಯಿಯವರ ಓಣಿಯ ದೀಪ. ಅದನ್ನು ತೆಗೆದು, ಮೈಯ ಕಾವನ್ನು ತಾನೇ ಗುರುತಿಸಿ ಹೊತ್ತುವ, ಒಳಗೇ ಬ್ಯಾಟರಿಯುಳ್ಳ ದೀಪವನ್ನು ಹಾಕಿಸಿದೆವು. ಅದಕ್ಕೆ ವೈಫೈ ಬೇಡ, ಗಣಕ ಬೇಡ. ಕರೆಂಟು ಹೋದರೂ ಕೆಲಸ ನಿಲ್ಲದು. ಗೋಡೆಯ ಸ್ವಿಚ್ಚಿಗೆ ಬೇರೆ ಸಾಧಾರಣ ದೀಪವೂ ಇದೆ. ಮೂರನೆಯದು, ಆಗಬಾರದ ಹೊತ್ತಿನಲ್ಲಿ ಆದರೆ ಅಪಾಯವೆಂಬಂಥದು: ನೀರು ಕಾಯಿಸುವ ಗೀಸರು. 3000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. 10 ಆಂಪಿಯರ್ ಎಂದು ಬರೆದಿರುವ ಫೋನಿನ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ಪ್ಲಗ್ಗು ಕಾದು ಕರಗೀತು. ಅದನ್ನು ಕಣ್ಣೆದುರಿಗೆ ಕೈಯಿಂದಲೇ ಹಾಕಿ ತೆಗೆಯುವುದೆಂದು ನಿಶ್ಚಯಿಸಿದ್ದೇವೆ.

ಇನ್ನು ಗೃಹಿಣಿಯರ ಪರವಾಗಿ ಒಂದು ಮಾತು. ಫೋನಿನ ದೀಪವನ್ನು ಗೋಡೆಯ ಸ್ವಿಚ್ಚಿನಿಂದ ಆರಿಸಿದರೆ ಅದಕ್ಕೆ ಪ್ರಾಣವೇ ಹೋಗಿ, ಯಾವ ಆಜ್ಞೆಯೂ ಮುಟ್ಟದು. ಆದಕಾರಣ ಅನೇಕ ಮನೆಗಳಲ್ಲಿ ಸ್ವಿಚ್ಚಿನ ಮೇಲೆ "ಮುಟ್ಟಕೂಡದು" ಎಂಬ ಚೀಟಿ ಅಂಟಿಸಿರುತ್ತಾರೆ. ಮೂವತ್ತು ವರ್ಷ ತಾವಾಳಿದ ಮನೆಯಲ್ಲಿ, ದೀಪ ಹೊತ್ತಿಸುವುದಕ್ಕೆ ಮಗನ ಫೋನನ್ನೋ ಗಂಡನ ಫೋನನ್ನೋ ಕಾಯಬೇಕಾಗಿ ಬಂದುದು ನಮ್ಮ ಮನೆಯವರಿಗೆ ಸರಿಬೀಳಲಿಲ್ಲ. ಅವರ ಪಕ್ಷವೇ ನ್ಯಾಯವಾದುದು. ಇದಕ್ಕೆ ಪರಿಹಾರ, ಬುದ್ಧಿಯನ್ನು ಬಲ್ಬಿನಲ್ಲಿಡದೆ ಗೋಡೆಯ ಸ್ವಿಚ್ಚಿನ ಹಿಂದೆ ಇಡುವುದು. ಆಗ ಕೈಯೂ ನಡೆಯುತ್ತದೆ, ಫೋನೂ ನಡೆಯುತ್ತದೆ. ಹಳೆಯ ಮನೆಗಳ ಸ್ವಿಚ್ಚುಬೋರ್ಡಿನಲ್ಲಿ ನ್ಯೂಟ್ರಲ್ ತಂತಿ ಇಲ್ಲದಿರಬಹುದಾದ ಕಾರಣ, ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನನಿಂದ ಮೊದಲೇ ನೋಡಿಸಬೇಕು. ಆ ತಂತಿ ಬೇಡದ ಸ್ವಿಚ್ಚುಗಳೂ ಉಂಟು. ಆದರೆ ಅವು ದೀಪದ ಮೂಲಕವೇ ಸ್ವಲ್ಪ ಕರೆಂಟನ್ನು ಹರಿಸಿಕೊಳ್ಳುವುದರಿಂದ, ಆರಿಸಿದ ಎಲ್‌ಇಡಿ ದೀಪವೂ ಮಿಣಮಿಣನೆ ಮಿನುಗುವುದುಂಟು. ದೆವ್ವವೆಂದು ಹೆದರಬೇಕಾದುದಿಲ್ಲ.

ಹೆಸರಿಡುವುದರಲ್ಲಿಯೂ ವಿವೇಕ ಬೇಕು. ನಮಗೆ ಒಂದು ವಸ್ತುವಿಗೆ ಹತ್ತು ಪರ್ಯಾಯಪದಗಳಿದ್ದರೆ ಸಂತೋಷ. ಮಾತು ಕೇಳುವ ಯಂತ್ರಕ್ಕೆ ಒಂದಕ್ಕೊಂದು ಹೋಲುವ ಎರಡು ಹೆಸರುಗಳಿದ್ದರೆ ಸಾಕು, ಗಲಿಬಿಲಿ. ಕಂಪನಿಯವರಿಟ್ಟ ಗುಪ್ತಪದವನ್ನು ಬದಲಾಯಿಸದೆ ಬಿಡಲೂಬಾರದು. 2016ರಲ್ಲಿ ಮಿರಾಯಿ ಎಂಬ ದುಷ್ಟಲೇಖನವು ಹಾಗೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮರಾ ಮುಂತಾದುವನ್ನು ವಶಪಡಿಸಿಕೊಂಡು, ಅಕ್ಟೋಬರ್ 21ರಂದು ಅಮೆರಿಕದಲ್ಲಿ ಅಂತರ್ಜಾಲದ ದೊಡ್ಡದೊಂದು ಭಾಗವನ್ನೇ ಕೆಡಿಸಿತು. ಕಡೆಯದಾಗಿ, ಯಾವ ಉಪಕರಣ ಎಲ್ಲಿದೆ, ಎಂದು ತಂದುದು, ಏನು ಹೆಸರು, ಕೆಟ್ಟಾಗ ಏನು ಮಾಡಿದೆವು ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದು ಹಾಲಿನ ಲೆಕ್ಕದ ಪುಸ್ತಕದ ಪಕ್ಕದಲ್ಲಿಡುವುದು ಮೇಲು. ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ವಿದ್ಯೆಯಿಂದ ಮನೆ ನಡೆಯಲಾರದು.

ಅಂಗಡಿಗೆ ಹೋಗುವ ವಾಚಕರು ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಲಿ: ಅಂತರ್ಜಾಲವಿಲ್ಲದಾಗ ಇದು ಕೆಲಸ ಮಾಡುವುದೇ? ಫೋನಿಲ್ಲದವರೂ ಇದನ್ನು ಹೊತ್ತಿಸಬಹುದೇ? ಹೌದೆಂಬ ಉತ್ತರ ಬಂದರೆ ಧಾರಾಳವಾಗಿ ಕೊಳ್ಳಲಿ. ಇಲ್ಲವಾದರೆ, ಅದನ್ನು ಯಾವ ಕೆಲಸಕ್ಕೆ ನೇಮಿಸುತ್ತೇವೆಂದು ಮನೆಯ ಹಿರಿಯರನ್ನೂ ಅಡುಗೆಮನೆಯಲ್ಲಿರುವವರನ್ನೂ ಒಂದು ಮಾತು ಕೇಳಿಕೊಂಡು ಬರಲಿ.