‘ಗೊತ್ತಿಲ್ಲ’ ಎನ್ನುವವನು ಎಲ್ಲಿ ನಿಲ್ಲಬೇಕು?

ಅಪ್ಪ ತೀರಿಕೊಂಡು ವರ್ಷ ತುಂಬುವುದಕ್ಕೆ ಇನ್ನು ಮೂರು ವಾರ ಇತ್ತು. ಧಾರವಾಡದಿಂದ ಅವ್ವನ ಫೋನು ಬಂತು. ಶ್ರಾದ್ಧಕ್ಕೆ ರಜೆ ಹಾಕಿದೆಯಾ ಎಂದು ಕೇಳಿದಳು. ನಾನು ಉತ್ತರ ಕೊಡಲು ಸ್ವಲ್ಪ ತಡಮಾಡಿದೆ. ಅಷ್ಟರಲ್ಲೇ ಅವಳಿಗೆ ಎಲ್ಲ ಅರ್ಥವಾಯಿತು.

“ನೀ ದೇವರನ್ನ ನಂಬ್ತೀಯೋ ಇಲ್ಲೋ, ಒಂದ ಮಾತಿನ್ಯಾಗ ಹೇಳಿಬಿಡಪಾ.”

“ಗೊತ್ತಿಲ್ಲವ್ವಾ.”

“ಇದೆಂಥಾ ಉತ್ತರ?” ಎಂದವಳೇ ಫೋನಿಟ್ಟಳು.

ಪುಣೆಯ ಆಫೀಸಿನಲ್ಲೂ ನನ್ನ ಕಥೆ ಇದೇ. ಜೊತೆಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಪಕ್ಕಾ ನಾಸ್ತಿಕ. ಊಟದ ಹೊತ್ತಿನಲ್ಲಿ ಮಾತು ಆ ಕಡೆ ಹೊರಳಿದಾಗಲೆಲ್ಲ “ಇಲ್ಲ ಅನ್ನೋಕೆ ನಿನಗೆ ಧೈರ್ಯ ಇಲ್ಲ, ಅಷ್ಟೇ” ಎನ್ನುತ್ತಾನೆ. ಅವ್ವನ ಕಣ್ಣಿಗೆ ನಾನು ದಾರಿ ತಪ್ಪಿದ ಆಸ್ತಿಕ, ಅವನ ಕಣ್ಣಿಗೆ ಹೆದರುಪುಕ್ಕಲ ನಾಸ್ತಿಕ. ಒಟ್ಟಿನಲ್ಲಿ ಎಡಬಿಡಂಗಿ.

ನನ್ನಂಥವರಿಗಾಗಿ ಇಂಗ್ಲಿಷಿನಲ್ಲಿ ‘ಅಗ್ನಾಸ್ಟಿಕ್’ ಎಂಬ ಪದವನ್ನು 1869ರಲ್ಲಿ ಹುಟ್ಟುಹಾಕಿದವನು ಥಾಮಸ್ ಹೆನ್ರಿ ಹಕ್ಸ್‌ಲಿ, ಡಾರ್ವಿನ್ನನ ಪರವಾಗಿ ಬಹಿರಂಗವಾಗಿ ವಾದಿಸಿದ ಜೀವವಿಜ್ಞಾನಿ. ಕನ್ನಡದಲ್ಲಿ ಅಜ್ಞೇಯತಾವಾದಿ ಎನ್ನುತ್ತೇವೆ. ಹಕ್ಸ್‌ಲಿಗೆ ಅದು ಇನ್ನೊಂದು ಮತವಾಗಿರಲಿಲ್ಲ, ಯೋಚಿಸುವ ಒಂದು ಕ್ರಮವಾಗಿತ್ತು: ಸಾಕ್ಷ್ಯವಿಲ್ಲದ ವಿಷಯವನ್ನು ಖಚಿತ ಎಂದು ಹೇಳಬಾರದು. ಅವನಿಗಿಂತ ಎಷ್ಟೋ ಮೊದಲೇ ಋಗ್ವೇದದ ಹತ್ತನೇ ಮಂಡಲದ ನಾಸದೀಯ ಸೂಕ್ತವು ಈ ಸೃಷ್ಟಿ ಎಲ್ಲಿಂದ ಬಂತೆಂದು ಕೇಳುತ್ತ ಹೋಗಿ, ಮೇಲಿರುವವನಿಗಾದರೂ ಅದು ಗೊತ್ತಿದೆಯೋ ಇಲ್ಲವೋ ಎಂಬ ಸಂದೇಹದಲ್ಲೇ ಮುಗಿಯುತ್ತದೆ. ಅದರ ಅರ್ಥವನ್ನು ನನಗೆ ಹೇಳಿಕೊಟ್ಟವರು ದಿನಾ ಪೂಜೆ ಮಾಡುತ್ತಿದ್ದ ಅಪ್ಪನೇ. ಅದನ್ನು ಓದಿಯೂ ಅವರು ಪೂಜೆ ಬಿಡಲಿಲ್ಲ.

ಅಪ್ಪನನ್ನು ನೆನೆದಾಗ ನನಗೆ ಅನ್ನಿಸುವುದು, ಇಲ್ಲಿರುವುದು ಎರಡು ಪ್ರಶ್ನೆಗಳು. ದೇವರಿದ್ದಾನೆಂದು ತಿಳಿದಿದೆಯೇ ಎಂಬುದು ಒಂದು. ನಂಬುತ್ತೀಯಾ ಎಂಬುದು ಇನ್ನೊಂದು. ತಿಳಿದಿಲ್ಲ ಎನ್ನುತ್ತಲೇ ನಂಬುವವರಿದ್ದಾರೆ, ತಿಳಿದಿಲ್ಲ ಎನ್ನುತ್ತಲೇ ನಂಬದವರೂ ಇದ್ದಾರೆ. ಅಜ್ಞೇಯತಾವಾದ ಮೊದಲನೆಯದಕ್ಕೆ ಮಾತ್ರ ಉತ್ತರ. ಆಸ್ತಿಕ, ನಾಸ್ತಿಕರ ನಡುವೆ ಹಾಕಿಟ್ಟ ಮೂರನೇ ಕುರ್ಚಿ ಅದಲ್ಲ.

ಡೇಟಾಬೇಸ್ ಕೆಲಸ ಮಾಡುವ ನನಗೆ ಇದು ‘ನಲ್’ ಮೂಲಕ ಸುಲಭವಾಗಿ ಅರ್ಥವಾಗುತ್ತದೆ. ಎಸ್‌ಕ್ಯೂಎಲ್‌ನಲ್ಲಿ ನಲ್ ಎಂದರೆ ಸೊನ್ನೆಯಲ್ಲ. ಬೆಲೆ ಗೊತ್ತಿಲ್ಲ ಎಂದರ್ಥ. ಅದು ಇದಕ್ಕೆ ಸಮವೇ ಎಂದು ಯಾವುದರ ಜೊತೆ ಹೋಲಿಸಿದರೂ ಉತ್ತರ ಸರಿಯೂ ಅಲ್ಲ, ತಪ್ಪೂ ಅಲ್ಲ, ‘ಅನ್‌ನೋನ್’. ಆದರೆ ಒಂದು ತೊಡಕಿದೆ. ಕ್ವೆರಿಯ ‘ವೇರ್’ ಷರತ್ತು ಸರಿ ಎಂದು ಬಂದ ಸಾಲುಗಳನ್ನಷ್ಟೇ ಎತ್ತಿಕೊಳ್ಳುತ್ತದೆ. ಗೊತ್ತಿಲ್ಲ ಎಂದು ಬಂದ ಸಾಲು, ತಪ್ಪು ಎಂದು ಬಂದ ಸಾಲಿನ ಜೊತೆಗೇ ಹೊರಗೆ ಬೀಳುತ್ತದೆ.

ನನ್ನ ಬದುಕಿನಲ್ಲಿ ಆದದ್ದೂ ಅದೇ. ಊರಲ್ಲಿದ್ದಿದ್ದರೆ ಯಾರಾದರೂ ಕೇಳುತ್ತಿದ್ದರು, ಇಲ್ಲಿ ಕೇಳುವವರಿಲ್ಲ. ಗೊತ್ತಿಲ್ಲ ಎನ್ನುತ್ತಲೇ ದೇವಸ್ಥಾನ, ಹಬ್ಬ, ಹರಕೆ ಒಂದೊಂದಾಗಿ ಬಿಟ್ಟುಹೋದವು. ಗೆಳೆಯನ ಮಾತಿನಲ್ಲಿ ಹುರುಳಿದೆ: ನಡತೆ ನೋಡಿದರೆ ನಾನು ನಾಸ್ತಿಕನೇ. ಶ್ರಾದ್ಧವನ್ನು ಮಾಡಬೇಕು, ಇಲ್ಲವೇ ಬಿಡಬೇಕು. ಅಲ್ಲಿ ಮೂರನೆಯದಿಲ್ಲ.

ಹಾಗೆಂದು ಎಲ್ಲದಕ್ಕೂ ಗೊತ್ತಿಲ್ಲ ಎನ್ನಲಾಗದು. ಅಪ್ಪನ ಕಾಯಿಲೆಯ ದಿನಗಳಲ್ಲಿ ನೆಂಟರೊಬ್ಬರು, ಔಷಧಿ ನಿಲ್ಲಿಸಿ ಯಾರೋ ಕೊಟ್ಟ ವಿಭೂತಿ ತಿನ್ನಿಸಿ ಎಂದು ಹಟ ಹಿಡಿದರು. ಅವತ್ತು ನಾನು ಖಡಾಖಂಡಿತವಾಗಿ ಬೇಡ ಅಂದೆ. ಪರೀಕ್ಷೆಗೆ ಸಿಗುವ ಮಾತನ್ನು ಪರೀಕ್ಷಿಸಲೇಬೇಕು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ್ದರಲ್ಲವೇ? ತಿಳಿದುಕೊಳ್ಳಬಹುದಾದ ಕಡೆ ‘ಗೊತ್ತಿಲ್ಲ’ ಎಂದರೆ ಅದು ನುಣುಚಿಕೊಳ್ಳುವುದು.

ಎರಡು ದಿನ ಬಿಟ್ಟು ನಾನೇ ಅವ್ವನಿಗೆ ಫೋನು ಮಾಡಿದೆ. “ನಾ ಇಟ್ಟ ಪಿಂಡ ಅಪ್ಪಗ ಮುಟ್ಟತದ ಅಂತ ನನಗ ಖಾತ್ರಿ ಇಲ್ಲ. ಅದನ್ನ ಮುಚ್ಚಿಟ್ಟು ಕೂಡಲಿಕ್ಕೆ ಆಗೂದಿಲ್ಲ” ಅಂದೆ. ಬಹಳ ಹೊತ್ತು ಆ ಕಡೆಯಿಂದ ಮಾತಿಲ್ಲ. ಅಳುತ್ತಿದ್ದಳೇನೋ.

“ಮುಟ್ಟೂದಿಲ್ಲ ಅಂತಾದ್ರೂ ಖಾತ್ರಿ ಅದನೇನು?”

“ಇಲ್ಲ.”

“ಮತ್ತ, ಬಿಡೂದಕ್ಕ ನಿನಗ್ಯಾಕ ಇಷ್ಟು ಅವಸರ?”

ಗೆಳೆಯ ಇದ್ದಿದ್ದರೆ ವಾದ ಹೂಡುತ್ತಿದ್ದ. ಇಲ್ಲವೆಂದು ಸಾಬೀತಾಗದ್ದನ್ನೆಲ್ಲ ಆಚರಿಸುತ್ತ ಹೋದರೆ ದಿನಕ್ಕೆ ನೂರು ದೇವರಿಗೆ ಕೈಮುಗಿಯಬೇಕಾದೀತು, ನಿಜ. ಆದರೆ ಅವ್ವನ ಮಾತು ನನ್ನ ‘ಗೊತ್ತಿಲ್ಲ’ದೊಳಗೆ ಅಡಗಿದ್ದ ಸೋಮಾರಿತನವನ್ನು ಹಿಡಿದು ಎಳೆಯಿತು. ಗೊತ್ತಿಲ್ಲ ಎಂಬುದು ಮಾಡು ಎನ್ನುವುದಿಲ್ಲ, ಬಿಡು ಎಂದೂ ಅನ್ನುವುದಿಲ್ಲ. ಕಾರಣವನ್ನು ನಾನೇ ಬೇರೆ ಕಡೆ ಹುಡುಕಿಕೊಳ್ಳಬೇಕು. ನನ್ನ ಕಾರಣ ಅವ್ವ. ಅದನ್ನು ಅವಳಿಗೂ ಹೇಳಿದೆ. ಅವಳಿಗೆ ಅಷ್ಟು ಸಾಲಲಿಲ್ಲವೆಂಬುದು ದನಿಯಲ್ಲೇ ಗೊತ್ತಾಯಿತು.

ಧಾರವಾಡಕ್ಕೆ ಹೋದೆ. ಮಡಿ ಉಟ್ಟು ಕೂತು ಪುರೋಹಿತರು ಹೇಳಿಸಿದ್ದನ್ನು ಹೇಳಿದೆ. ಅಪ್ಪನ ಹೆಸರು, ಗೋತ್ರ ಹೇಳಿ ಎಳ್ಳುನೀರು ಬಿಡುವಾಗ ಗಂಟಲು ಕಟ್ಟಿತು. ಇದು ನಂಬಿಕೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಅಲ್ಲ, ಅಪ್ಪನ ನೆನಪು ಅನ್ನಿಸಿತು. ಹಿತ್ತಲಲ್ಲಿ ಕಾಗೆಗೆ ಎಲೆ ಇಟ್ಟು ನಿಂತಾಗ ಏಳು ವರ್ಷದ ಮಗಳು ಕೈ ಜಗ್ಗಿದಳು.

“ಪಪ್ಪಾ, ಆ ಕಾಗಿ ಅಜ್ಜನೇನು?”

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

“ಗೊತ್ತಿಲ್ಲ ಪುಟ್ಟಿ. ಹೌದು ಅಂತ ಅಜ್ಜಿ ನಂಬ್ಯಾಳ.”

ಅವ್ವ ಏನೂ ಅನ್ನಲಿಲ್ಲ. ಎಲೆಯ ಮೇಲೆ ಇನ್ನೊಂದು ವಡೆ ತಂದಿಟ್ಟು, ಕಾಗೆ ಹತ್ತಿರ ಬರಲೆಂದು ನಮ್ಮಿಬ್ಬರನ್ನೂ ಒಳಗೆ ಕರೆದಳು.